ಚಿಮಣಿಯ ಹೊಟ್ಟೆ ನಪಾಸಾಯಿತೆಂದರು

ನಿಮ್ಮ ನಾಲಿಗೆಯ ಮೇಲೆ ನಿಮಗೆ ಎಷ್ಟು ಭರವಸೆ ಇದೆ? ಎರಡು ಉಂಡೆ ಮುಂದಿಟ್ಟು, ಒಂದರಲ್ಲಿ ಶೇಂಗಾ ಇದೆ, ಇನ್ನೊಂದರಲ್ಲಿ ಇಲ್ಲ ಎಂದರೆ, ತಿಂದು ಹೇಳಬಲ್ಲಿರಾ? ಸುಮ್ಮನೆ ಮೀಸೆ ತಿರುವಬೇಡಿ. ನಮ್ಮ ಓಣಿಯ ಸೊಸೆಯಂದಿರು, ಮಿಠಾಯಿ ಅಂಗಡಿಯವನು, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ, ಎಲ್ಲರೂ ಸೋತಿದ್ದಾರೆ. ಅವರನ್ನು ಸೋಲಿಸುವುದೇ ನನ್ನ ನೌಕರಿ.

ಮೊಮ್ಮಗಳು ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ನಾನು ಶೇಂಗಾ ಎಂದರೆ ಈ ಮೊಬೈಲು ಶೃಂಗಾರ ಎನ್ನುತ್ತದೆ. ಅದನ್ನು ಅಳಿಸಿ ಅಳಿಸಿ ಮುಂದೆ ಹೋಗುತ್ತಿದ್ದೇನೆ. ನೀವೂ ಸಾವಕಾಶ ಬನ್ನಿ.

ಬೆಳಗಾವಿಯ ಹಿಂದವಾಡಿಯಲ್ಲಿ ನಮ್ಮ ಮನೆಯ ಹಿಂದೆ ಮಕ್ಕಳ ಅಲರ್ಜಿಗೆ ಔಷಧ ಕೊಡುವ ಒಬ್ಬ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ಇದ್ದಾರೆ. ಕೆಲವು ಮಕ್ಕಳಿಗೆ ಶೇಂಗಾ ತಿಂದರೆ ಮೈಮೇಲೆ ಗಂಧೆ ಏಳುತ್ತವೆ, ತುಟಿ ಬಾಯುತ್ತದೆ, ಉಸಿರು ಕಟ್ಟುತ್ತದೆ. ಇನ್ನು ಕೆಲವರಿಗೆ ಏನೂ ಆಗುವುದಿಲ್ಲ, ಆದರೂ ಹೆದರಿಕೆಗೇ ಹೊಟ್ಟೆ ನೋಯುತ್ತದೆ. ಯಾರದು ಯಾವುದೆಂದು ತಿಳಿಯಲು ಡಾಕ್ಟರು ತಮ್ಮ ಕಣ್ಣೆದುರೇ ತಿನ್ನಿಸಿ ನೋಡುತ್ತಾರೆ. ಒಂದು ದಿನ ಶೇಂಗಾ ಇರುವ ಉಂಡೆ, ಇನ್ನೊಂದು ದಿನ ಇಲ್ಲದ ಉಂಡೆ. ಎರಡೂ ನೋಡಲು, ಮೂಸಲು, ಕಚ್ಚಲು ಒಂದೇ ಥರ ಇರಬೇಕು. ಮಗುವಿಗೂ ತಿಳಿಯಬಾರದು, ತಿನ್ನಿಸುವ ನರ್ಸಿಗೂ ತಿಳಿಯಬಾರದು. ಅಂಥ ಉಂಡೆ ಕಟ್ಟಲು ಅವರಿಗೆ ಒಂದು ಮೋಸದ ಕೈ ಬೇಕಾಗಿತ್ತು. ನನ್ನ ಹೆಸರು ಯಾರು ಹೇಳಿದರೋ ಗೊತ್ತಿಲ್ಲ, ಸರಿಯಾಗಿಯೇ ಹೇಳಿದ್ದರು.

ಮೊದಲ ಸಲ ನಾನು ಸೋತೆ. ಹುರಿದ ಶೇಂಗಾದ ವಾಸನೆ ಬಾಗಿಲಾಚೆ ಕುಳಿತ ಹುಡುಗನ ಮೂಗಿಗೇ ಬಡಿಯಿತು. ಆಮೇಲೆ ನಾಚಣಿ ಹಿಟ್ಟನ್ನು, ಅಂದರೆ ರಾಗಿ ಹಿಟ್ಟನ್ನು, ಸ್ವಲ್ಪ ಕರಿಯಾಗುವಂತೆ ಹುರಿದೆ. ಬೆಲ್ಲ, ಏಲಕ್ಕಿ, ಶುಂಠಿ ಪುಡಿ ಸೇರಿಸಿದೆ. ಒಂದಕ್ಕೆ ಶೇಂಗಾ ಪುಡಿ, ಇನ್ನೊಂದಕ್ಕೆ ಅಷ್ಟೇ ತೂಕದ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆ ಹಿಟ್ಟು. ಎಳ್ಳು ಹಾಕಿದರೆ ಇನ್ನೂ ಚಲೋ ಆಗುತ್ತದೆ ಎಂದಾಗ ಡಾಕ್ಟರು ತಲೆ ಹಿಡಿದುಕೊಂಡರು. “ಅಜ್ಜಿ, ಎಳ್ಳಿಗೂ ಅಲರ್ಜಿ ಇರತೈತ್ರಿ. ಒಂದ ಕಳ್ಳನ್ನ ಹುಡುಕಾಕ ಹೋಗಿ ಇನ್ನೊಬ್ಬನ್ನ ಮನ್ಯಾಗ ಕರಕೊಳ್ಳೂದ ಬ್ಯಾಡ.”

ಎರಡನೆಯ ಸೋಲು ಜಿಡ್ಡಿನದು. ಶೇಂಗಾದಲ್ಲಿ ತನ್ನದೇ ಎಣ್ಣೆ ಇರುತ್ತದೆ, ಪುಟಾಣಿ ಒಣ ಒಣ. ಅದಕ್ಕೆಂದು ಪುಟಾಣಿಯದಕ್ಕೆ ತುಪ್ಪ ಹಾಕಿ ಎರಡೂ ಡಬ್ಬಿಗಳನ್ನು ಫ್ರಿಜ್ಜಿನಲ್ಲಿಟ್ಟೆ. ಮರುದಿನ ನರ್ಸು ಮುಚ್ಚಳ ತೆಗೆದವಳೇ ನಕ್ಕಳು. ತುಪ್ಪದ ಉಂಡೆಗಳ ಮೇಲೆಲ್ಲ ಬೆಳ್ಳಗೆ ಹೆಪ್ಪು. ಶೇಂಗಾದವು ಮಾತ್ರ ಕಪ್ಪಗೆ ಮಿರಿಮಿರಿ. ಕುರುಡರೂ ಹೇಳುವಂತಿತ್ತು. ಅಂದಿನಿಂದ ತುಪ್ಪ ಬಂದ್. ಎಲ್ಲಕ್ಕೂ ಕುಸುಬಿ ಎಣ್ಣೆ. ಅದು ಫ್ರಿಜ್ಜಿನಲ್ಲೂ ಹೆಪ್ಪುಗಟ್ಟುವುದಿಲ್ಲ. ಆಮೇಲೆ ನನ್ನನ್ನು ಯಾರೂ ಹಿಡಿಯಲಿಲ್ಲ.

ಈ ವಿದ್ಯೆಯನ್ನು ನಾನು ಹೆಮ್ಮೆಯಿಂದ ತೋರಿಸಿದ್ದು ಒಬ್ಬಳಿಗೆ. ಖಾನಾಪುರದ ನನ್ನ ಗೆಳತಿಗೆ.

ಒಂದೇ ವಾಡೆಗೆ ಸೊಸೆಯರಾಗಿ ಬಂದವರು ನಾವು. ಒಂದೇ ಒಲೆಯ ಹೊಗೆ ಕುಡಿದವರು, ಒಬ್ಬರ ಅತ್ತೆಯನ್ನು ಇನ್ನೊಬ್ಬರು ಬೈದು ಸಮಾಧಾನ ಮಾಡಿಕೊಂಡವರು. ಅವಳಿಗೆ ಒಬ್ಬಳೇ ಮೊಮ್ಮಗಳು, ಎರಡನೆಯ ಇಯತ್ತೆ ಓದುತ್ತಿದ್ದಳು. ಗುಬ್ಬಿಯಂಥ ಹುಡುಗಿ, ಮರಾಠಿಯ ಗುಬ್ಬಿಯ ಹೆಸರಿನಿಂದ ಎಲ್ಲರೂ ಚಿಮಣಿ ಎಂದೇ ಕರೆಯುತ್ತಿದ್ದೆವು. ಶಾಲೆಯಲ್ಲಿ ಪಕ್ಕದ ಹುಡುಗಿ ಶೇಂಗಾ ಚಟ್ನಿ ಮೆತ್ತಿದ ಕೈಯಿಂದಲೇ ತನ್ನ ರೊಟ್ಟಿ ಮುರಿದು ಕೊಟ್ಟಳಂತೆ. ಅಷ್ಟಕ್ಕೇ ಚಿಮಣಿಯ ಮುಖ ಬಾತು, ಉಸಿರು ಸೀಟಿಯಾಯಿತು. ಖಾನಾಪುರದಿಂದ ಬೆಳಗಾವಿಯ ದವಾಖಾನೆಗೆ ಬರುವ ತನಕ ಗೆಳತಿ ಅವಳ ಹೆಸರು ಕೂಗುತ್ತಲೇ ಇದ್ದಳಂತೆ. ಶೇಂಗಾ ಇಲ್ಲದ ಊಟ ನಮ್ಮ ಕಡೆ ಎಲ್ಲಿದೆ? ಚಟ್ನಿಯಲ್ಲಿ ಶೇಂಗಾ, ಪಲ್ಯದಲ್ಲಿ ಶೇಂಗಾ, ಹೋಳಿಗೆಯಲ್ಲೂ ಶೇಂಗಾ. ಆ ಹುಡುಗಿ ಮದುವೆ ಮನೆಗೆ ಹೋಗುವಂತಿಲ್ಲ, ಗೆಳತಿಯರ ಜೊತೆ ಡಬ್ಬಿ ಬಿಚ್ಚುವಂತಿಲ್ಲ. ನಾನೇ ಅವರನ್ನು ಡಾಕ್ಟರ್ ಬಾಯಿಯ ಹತ್ತಿರ ಕರೆದುಕೊಂಡು ಹೋದೆ.

ಪರೀಕ್ಷೆಯಲ್ಲಿ ಅಲರ್ಜಿ ಖರೆಯೆಂದು ಗಟ್ಟಿಯಾಯಿತು. ಆಮೇಲೆ ಡಾಕ್ಟರು ನಮ್ಮೆಲ್ಲರನ್ನೂ ಕೂರಿಸಿಕೊಂಡು ಹೇಳಿದರು. “ಹೊಟ್ಟಿ ಅಂದ್ರ ಬರೇ ಅರಿಯೂ ಕಲ್ಲ ಅಲ್ರಿ. ಕರುಳಿನ ಗ್ವಾಡಿಗುಂಟ ಕಾವಲಿನವರು ಕುಂತಿರತಾರ. ದಿನಾ ಎಷ್ಟೊಂದು ಹೊರಗಿನ ಸಾಮಾನ ಒಳಗ ಬರತೈತಿ. ರೊಟ್ಟಿ, ಬ್ಯಾಳಿ, ಹಾಲು. ಎಲ್ಲಾದ್ರ ಜೋಡಿ ಜಗಳಾ ತಗದ್ರ ಮನಷ್ಯಾ ಬದಕತಾನೇನು? ಅದಕ್ಕ ಅವರು ಸಣ್ಣಾಗಿದ್ದಾಗನ ಕಲೀತಾರ, ಇಂವ ನಮ್ಮಾಂವ, ಬಿಡು ಅಂತ. ಹೊಟ್ಟಿ ಒಂದು ಸಾಲಿರಿ.”

“ಮತ್ತ ನಮ್ಮ ಚಿಮಣಿ ಹೊಟ್ಟಿ ಯಾಕ ಕಲೀಲಿಲ್ಲರಿ?” ಎಂದಳು ಗೆಳತಿ.

“ಸಾಲಿ ಬಾಗಲದಿಂದ ಬಂದಾಂವ ವಿದ್ಯಾರ್ಥಿ, ಗ್ವಾಡಿ ಒಡದು ಬಂದಾಂವ ಕಳ್ಳ. ಕೂಸಿದ್ದಾಗ ಈಕಿಗೆ ಇಸಬು ಆಗಿ ಚರ್ಮ ಒಡದಿತ್ತು ಅಂದ್ರಿ. ಹಂತಾ ಚರ್ಮದಾಗಿಂದ ಶೇಂಗಾ ಮೊದಲ ಒಳಗ ಹೊಕ್ಕು, ಬಾಯಾಗ ಮಾತ್ರ ವರ್ಷಗಟ್ಟಲೆ ಕೊಡದ ಇದ್ರ, ಕಾವಲಿನವರು ಅದನ್ನ ಕಳ್ಳ ಅಂತನ ಗುರ್ತ ಹಿಡದಬಿಡತಾರ. ಈಕಿಗೆ ಹಂಗ ಆಗೇತಿ ಅಂತ ನಾ ಹೇಳಾಕ ಬರೂದಿಲ್ಲ. ಆದ್ರ ಹಂಗ ಆಗೂದು ಐತಿ.”

ಗೆಳತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಳು. ನನಗೆ ಅದರ ಅರ್ಥ ಆಗ ಹೊಳೆಯಲಿಲ್ಲ.

ಉಪಾಯ ಇಷ್ಟು: ಕಣ್ಣಿಗೆ ಕಾಣದಷ್ಟು ಕಡಿಮೆ ಶೇಂಗಾ ಪುಡಿಯಿಂದ ಶುರು ಮಾಡಿ, ದಿನಾ ತಿನ್ನಿಸುತ್ತ, ಕೆಲವು ವಾರಕ್ಕೊಮ್ಮೆ ಒಂದು ಮೆಟ್ಟಿಲು ಏರಿಸುವುದು. ಪ್ರತಿ ಹೊಸ ಮೆಟ್ಟಿಲು ಮೊದಲು ದವಾಖಾನೆಯಲ್ಲಿ, ಡಾಕ್ಟರ ಎದುರಿಗೆ. ಆಮೇಲೆ ಅಷ್ಟನ್ನೇ ದಿನಾ ಮನೆಯಲ್ಲಿ. ಖಾಲಿ ಹೊಟ್ಟೆಯಲ್ಲಿ ಕೊಡಬಾರದು. ತಿಂದ ಮೇಲೆ ಓಡಬಾರದು, ಬಿಸಿನೀರು ಸುರಿದುಕೊಳ್ಳಬಾರದು. ಜ್ವರ ಬಂದರೆ ನಿಲ್ಲಿಸಿ ಫೋನು ಮಾಡಬೇಕು. ಎಲ್ಲಕ್ಕಿಂತ ದೊಡ್ಡ ನಿಯಮವನ್ನು ಡಾಕ್ಟರು ಬೆರಳೆತ್ತಿ ಹೇಳಿದ್ದರು. “ನಡುವ ಬಿಟ್ರ ನನಗ ಹೇಳ್ರಿ. ಕರುಳು ಕಲ್ತದ್ದು ಮರೀತೈತಿ. ಮರತದ್ದರ ಮ್ಯಾಲೆ ದೊಡ್ಡ ಪಾಠ ಹೇರಿದ್ರ ಜೀವಕ್ಕ ಅಪಾಯ.”

ಉಂಡೆ ಕಟ್ಟುವ ಕೆಲಸ ನನ್ನದಾಯಿತು. ಒಂದೊಂದು ಉಂಡೆಯ ಶೇಂಗಾ ಪುಡಿಯನ್ನೂ ಬೇರೆ ಬೇರೆ ತೂಗಬೇಕು. ದವಾಖಾನೆಯ ಕಪಾಟಿನಲ್ಲಿಟ್ಟು ಅದರ ಕೀಲಿಯನ್ನು ನನಗೇ ಕೊಟ್ಟಿದ್ದರು, ಉಸಿರು ತಾಗಿದರೂ ಅಂಕಿ ಅಲುಗುವ ತಕ್ಕಡಿ ಅದು. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಫ್ಯಾನು ಆರಿಸಿ, ಬೆವರು ಸುರಿಸುತ್ತ ತೂಗುತ್ತಿದ್ದೆ. ಖಾನಾಪುರಕ್ಕೆ ಡಬ್ಬಿ ಒಯ್ಯಲು ಗೆಳತಿ ಬಸ್ಸಿನಲ್ಲಿ ಬರುತ್ತಿದ್ದಳು. ಬಂದವಳು ದವಾಖಾನೆಯ ಅಡುಗೆಮನೆಯಲ್ಲಿ ಕುಳಿತು ನನ್ನ ಕೈ ನೋಡುತ್ತಿದ್ದಳು.

“ಎರಡೂ ಒಂದ ಥರಾ ಹ್ಯಾಂಗ ಮಾಡತಿ ಬೇ? ಮಾಟಾ ಮಾಡತಿ ಏನು?” ಎಂದು, ಬೇರೆ ಮಕ್ಕಳ ಪರೀಕ್ಷೆಗೆ ಜೋಡಿ ಉಂಡೆ ಕಟ್ಟುತ್ತಿದ್ದ ಒಂದು ದಿನ ಕೇಳಿದಳು.

ನನಗೆ ಕೊಂಬು ಬಂತು. ಪುಟಾಣಿ ಎಷ್ಟು, ನಾಚಣಿ ಎಷ್ಟು ಹುರಿಯಬೇಕು, ಶುಂಠಿ ಯಾಕೆ, ಎಲ್ಲ ಹೇಳಿದೆ. ಅವಳ ಕೈಯಲ್ಲೇ ನಾಲ್ಕು ಸುಳ್ಳು ಉಂಡೆ ಕಟ್ಟಿಸಿದೆ. ಕುಸುಬಿ ಎಣ್ಣೆ ಸುರಿದಾಗ ಮಾತ್ರ ಅವಳು ಮೂಗು ಮುರಿದಳು. “ಸಣ್ಣ ಹುಡುಗರ ಉಂಡಿಗೆ ಎಣ್ಣೀ? ಬರಗೆಟ್ಟಾವರ ಮನೀದರಂಗ.” ನಾನು ನಕ್ಕು ಸುಮ್ಮನಾದೆ. ಫ್ರಿಜ್ಜಿನ ಕಥೆ ನನ್ನ ಸೋಲಿನ ಕಥೆಯಲ್ಲವೆ, ಅದನ್ನು ಯಾಕೆ ಹೇಳಲಿ?

ಮಳೆಗಾಲವೆಲ್ಲ ಚಿಮಣಿ ಮೆಟ್ಟಿಲು ಏರುತ್ತಲೇ ಹೋದಳು. ಒಮ್ಮೊಮ್ಮೆ ಬಾಯಿ ತುರಿಸಿತು, ಮಳೆ ನಿಂತ ಮೇಲೆ ಏರಿದ ಮೆಟ್ಟಿಲಿನಲ್ಲಿ ಒಮ್ಮೆ ಹೊಟ್ಟೆ ನೋಯಿತು. ಇಷ್ಟು ಆಗುವುದೇ, ಹೆದರಬೇಡಿ ಎಂದರು ಡಾಕ್ಟರು. ಚಳಿ ಬಿದ್ದ ಮೇಲೆ ಮುಂದಿನ ಮೆಟ್ಟಿಲಿನ ದಿನ ಬಂತು. ಚಿಮಣಿಯ ಅವ್ವ, ಅಂದರೆ ಗೆಳತಿಯ ಸೊಸೆ, ಕಚೇರಿಗೆ ರಜೆ ಹಾಕಿ ಬಂದಿದ್ದಳು. ಗೆಳತಿಯೂ ಬಂದಿದ್ದಳು. ನರ್ಸು ಕೇಳಿದಳು, “ಮನ್ಯಾಗ ಒಂದ ದಿನಾನೂ ತಪ್ಪಿಲ್ಲಲ್ರಿ?”

“ಇಲ್ಲರಿ, ದಿನಾ ನಾನ ನನ್ನ ಕೈಯಾರೆ ತಿನಿಸೇನಿ,” ಎಂದಳು ಅವ್ವ. ಅವಳು ಹೇಳಿದ್ದು ಸುಳ್ಳಲ್ಲ.

ನಾನು ಕಟ್ಟಿದ ಉಂಡೆಯನ್ನು ಚಿಮಣಿ ತಿಂದಳು, ನನಗೆ ನಾಲಿಗೆ ತೋರಿಸಿ ಅಣಕಿಸಿದಳು. ಸ್ವಲ್ಪ ಹೊತ್ತಿಗೆ ಕಿವಿ ಕೆಂಪಾದವು. ಆಮೇಲೆ ಕುತ್ತಿಗೆ. ಆಮೇಲೆ ಕೆಮ್ಮು, ನಿಲ್ಲದ ಕೆಮ್ಮು. ಡಾಕ್ಟರು ಓಡಿಬಂದು ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಮಲಗಿಸಿ ಕಾಲು ಮೇಲೆತ್ತಿಸಿದರು, ಆಕ್ಸಿಜನ್ ಹಚ್ಚಿದರು. ಉಸಿರು ಸರಿಯಾಗುವ ತನಕ ಗೆಳತಿ ಮೂಲೆಯಲ್ಲಿ ಚಿಮಣಿಯ ಚಪ್ಪಲಿಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದಳು.

ಮಗು ಕಣ್ಣು ಬಿಟ್ಟ ಮೇಲೆ ಡಾಕ್ಟರು ನನ್ನತ್ತ ತಿರುಗಿದರು. “ಅಜ್ಜಿ, ತೂಕ ಸರಿ ನೋಡಿದ್ರಿ?”

“ನೋಡೇನ್ರಿ,” ಎಂದೆ.

ಆಗ ಗೆಳತಿ ಬಾಯಿ ಬಿಟ್ಟಳು. “ಅಕೀಗೂ ವಯಸ್ಸಾತ್ರಿ. ಕಣ್ಣು ಮಂದ ಆಗ್ಯಾವು. ಮೊನ್ನಿ ಬಸ್ಸಿನ ಬೋರ್ಡ ಸೈತ ನನ್ನ ಕೈಲೇ ಓದಿಸಿದ್ಳು.”

ಬೋರ್ಡು ಓದಿಸಿದ್ದು ಖರೆ. ಅವಳಿಗೆ ಓದಲು ಬರುತ್ತದೋ ಇಲ್ಲವೋ ಎಂದು ಚೇಷ್ಟೆಗೆ ಓದಿಸಿದ್ದೆ. ಆ ಮಾತನ್ನು ಅಲ್ಲಿ ಹೇಳುವುದು ಹೇಗೆ? ಅಂದು ಸಂಜೆ ನರ್ಸು ನನ್ನ ಕೈಯಿಂದ ತಕ್ಕಡಿಯ ಕಪಾಟಿನ ಕೀಲಿ ತೆಗೆದುಕೊಂಡಳು. ಡಾಕ್ಟರು ಮರ್ಯಾದೆಯಿಂದಲೇ ಹೇಳಿದರು, “ಸ್ವಲ್ಪ ದಿವಸ ಆರಾಮ ಮಾಡ್ರಿ ಅಜ್ಜಿ.” ಮರ್ಯಾದೆಯಿಂದ ಹೊರಗೆ ಹಾಕಿದರೆ ನೋವು ಹೆಚ್ಚು.

ವಾರದ ನಂತರ ದವಾಖಾನೆಯಲ್ಲಿ ಉಳಿದ ಪುಡಿ, ಉಳಿದ ಉಂಡೆಗಳನ್ನೆಲ್ಲ ಮತ್ತೆ ತೂಗಿ ನೋಡಿದರಂತೆ, ತಪ್ಪು ಸಿಗಲಿಲ್ಲವಂತೆ. ಆದರೆ ಅದರಿಂದ ಇನ್ನೂ ಕೆಟ್ಟದಾಯಿತು. ತೂಕ ಸರಿ ಇದ್ದರೆ, ದಿನಾ ತಿಂದದ್ದೂ ಸರಿ ಇದ್ದರೆ, ಚಿಮಣಿಯ ಕರುಳೇ ಕಲಿಯುತ್ತಿಲ್ಲ ಎಂದಾಯಿತಲ್ಲ. ಚಿಕಿತ್ಸೆ ನಿಲ್ಲಿಸೋಣ ಎಂದರು ಡಾಕ್ಟರು. ಕೀಲಿ ಮಾತ್ರ ನನಗೆ ತಿರುಗಿ ಬರಲಿಲ್ಲ. ಮಗು ಸಾವಿನ ಬಾಗಿಲು ನೋಡಿ ಬಂದದ್ದು ನನ್ನ ಕೈಯ ಉಂಡೆ ತಿಂದಲ್ಲವೆ?

ಚಿಮಣಿಯನ್ನು ನೋಡಬೇಕೆನಿಸಿತು. ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಹೋದೆ. ಆ ದಿನ ಚಳಿ ಎಂದರೆ ಚಳಿ, ಕಿಟಕಿಯ ಗಾಜಿನಲ್ಲಿ ಹೊರಗೆ ಬರೀ ಮಂಜು. ಗೆಳತಿ ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದಳು, ಸೊಸೆ ಹಾಲು ತರಲು ಹೋಗಿದ್ದಳು. ಚಿಮಣಿ ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು.

“ಅಜ್ಜಿ, ನನ್ನ ಹೊಟ್ಟಿ ನಪಾಸ ಆತಂತ. ಖರೇನ?”

ನಾನು ಅವಳ ತಲೆ ನೇವರಿಸಿದೆ. ಅವಳೇ ಮಾತು ಮುಂದುವರಿಸಿದಳು. “ದಿನಾ ಅಭ್ಯಾಸಾ ಮಾಡೇನಿ. ನೋಡ, ಇನ್ನ ಇಷ್ಟ ಉಳದಾವು.” ಮೇಲಿನ ಗೂಡಿನಿಂದ ನನ್ನದೇ ಡಬ್ಬಿ ಇಳಿಸಿ ಮುಚ್ಚಳ ತೆಗೆದಳು.

ಉಂಡೆಗಳ ಮೇಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು.

ಒಂದನ್ನು ಕೈಯಲ್ಲಿ ಹಿಡಿದೆ. ಅಂಗೈ ಬಿಸಿಗೆ ಬಿಳಿ ಕರಗಿ ಘಮ್ಮೆಂದಿತು. ಮನೆಯ ಬೆಣ್ಣೆ ಕಾಯಿಸಿದ ತುಪ್ಪ. ಮುರಿದು ನಾಲಿಗೆಯ ಮೇಲಿಟ್ಟೆ. ನಾಚಣಿ ನನ್ನ ಹದಕ್ಕೇ ಹುರಿದಿತ್ತು, ಶುಂಠಿ ನನ್ನ ಅಳತೆಯಲ್ಲೇ ಬಿದ್ದಿತ್ತು. ಪುಟಾಣಿ. ಬರೀ ಪುಟಾಣಿ. ನಾನೇ ಕಲಿಸಿದ ಸುಳ್ಳು ಉಂಡೆ, ನನ್ನದೇ ಡಬ್ಬಿಯಲ್ಲಿ. ಮೊಮ್ಮಗಳ ಬಾಯಿಗೆ ಎಣ್ಣೆಯ ಉಂಡೆ ಹೋಗುವುದನ್ನು ಮಾತ್ರ ಆ ಜೀವ ಸಹಿಸಲಿಲ್ಲ. ಮೋಸದಲ್ಲೂ ತುಪ್ಪ ಹಾಕಿದ್ದಳು.

ಡಬ್ಬಿ ಹಿಡಿದು ಹಿತ್ತಲಿಗೆ ಹೋದೆ. ಅವಳು ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು, ಒಲೆಗೆ ಇನ್ನೊಂದು ಕಟ್ಟಿಗೆ ಸರಿಸಿದಳು.

“ಯಾವಾಗಿಂದ?” ಎಂದೆ.

“ಹೊಟ್ಟಿ ನೋವು ಅಂತ ಹೊರಳ್ಯಾಡಿದ್ಲಲಾ, ಅವತ್ತಿಂದ. ನಿನ್ನ ಉಂಡಿ ತಗದು ನನ್ನವು ಇಟ್ಟೆ. ಸೊಸಿಗೆ ಗೊತ್ತಿಲ್ಲ.”

“ನನ್ನವು?”

“ಒಲಿಯಾಗ.”

“ನನ್ನ ಕಣ್ಣು ಮಂದ ಅಂದಿ. ಎಲ್ಲಾರ ಮುಂದ.”

“ಮತ್ತೇನ ಅನ್ನಲಿ?” ಅವಳ ದನಿ ಏರಿತು. “ನಿನಗೇನ ಗೊತ್ತು ಬೇ? ಕೂಸಿದ್ದಾಗ ಆ ಒಡಕ ಮೈಗೆ ದಿನಾ ಗಾಣದ ಶೇಂಗಾ ಎಣ್ಣಿ ತಿಕ್ಕಿದಾಕಿ ನಾನು. ಹಾಕಬ್ಯಾಡ ಹಾಕಬ್ಯಾಡ ಅಂತ ಬಾಯಿಗೆ ಶೇಂಗಾ ಬೀಳದಂಗ ಕಾಯ್ದಾಕಿನೂ ನಾನ. ಡಾಕ್ಟರ್ ಬಾಯಿ ಕಳ್ಳ ಅಂದಾಗ ನನ್ನ ಮಾರಿ ನೋಡಿದಂಗಾತು. ಒಮ್ಮಿ ಕೆಡಿಸಿದ ಕೈಲೇ ಮತ್ತ ಅದನ್ನ ಹ್ಯಾಂಗ ತಂದು ಕೊಡಲಿ?”

ಆ ಮಾತು ನನ್ನ ಎದೆಗೆ ತಾಗಲಿಲ್ಲ ಎಂದರೆ ಸುಳ್ಳಾದೀತು. ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದ್ದಳು. ಆದರೆ ಉಂಡೆ ಬದಲಿಸಿದ್ದಕ್ಕೆ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಮಗು ಮಂಚದ ಮೇಲೆ ಉಸಿರಿಗೆ ಎಳೆಯುತ್ತಿದ್ದಾಗ ಇವಳಿಗೆ ಕಾರಣ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಮುಂದೆ ತಳ್ಳಿ ತಾನು ಹಿಂದೆ ಸರಿದಳು. ಐವತ್ತು ವರ್ಷದ ಗೆಳೆತನ ಆ ಒಂದು ವಾಕ್ಯವನ್ನು ತಡೆಯಲು ಸಾಕಾಗಲಿಲ್ಲ.

“ಸೊಸಿಗೆ ಹೇಳು. ಡಾಕ್ಟರಿಗೆ ಹೇಳು. ಇವತ್ತ,” ಎಂದೆ.

“ಹೇಳಿದ್ರ ಸೊಸಿ ನನ್ನ ಕೈಯಾಗ ಈ ಹುಡುಗೀನ್ನ ಬಿಡೂದಿಲ್ಲ. ನಿನ್ನ ಕಾಲ ಬೀಳತೇನಿ. ಹೆಂಗೂ ನಿಂತೈತಿ ಅದು ಔಷಧಾ. ಸುಮ್ಮನ ಇದ್ದಬಿಡು.”

ಒಂದು ಕ್ಷಣ ನಾನು ಸುಮ್ಮನಿರುವವಳೇ ಇದ್ದೆ. ನನ್ನ ಕೀಲಿ ಹೋದರೆ ಹೋಗಲಿ, ವಯಸ್ಸಾದವರಿಗೆ ಕೀಲಿ ಯಾಕೆ ಎಂದೂ ಅನ್ನಿಸಿತು. ಹಿಂದೆ ಬಾಗಿಲಲ್ಲಿ ಚಿಮಣಿ ನಿಂತಿದ್ದಳು. ನಮ್ಮ ಮಾತು ಪೂರಾ ಕೇಳಿಸಿಕೊಂಡಿದ್ದಳು. ಅವಳು ಅಳಲಿಲ್ಲ, ಲೆಕ್ಕ ಹಾಕುವವಳಂತೆ ಹುಬ್ಬು ಗಂಟಿಕ್ಕಿದ್ದಳು.

“ಅಂದ್ರ ನನ್ನ ಹೊಟ್ಟಿ ದಡ್ಡ ಅಲ್ಲ?”

ಹಾಲಿನ ಪಾತ್ರೆ ಹಿಡಿದು ಅವಳ ಅವ್ವ ಒಳಗೆ ಬಂದದ್ದು ಅದೇ ಹೊತ್ತಿಗೆ. ಗೆಳತಿ ನನ್ನ ಸೆರಗು ಜಗ್ಗಿದಳು. ನಾನು ಬಿಡಿಸಿಕೊಂಡೆ.

“ನಿನ್ನ ಮಗಳ ಹೊಟ್ಟಿ ನಪಾಸ ಆಗಿಲ್ಲವಾ,” ಎಂದೆ ಸೊಸೆಗೆ. “ಅದು ಓದಲಾರದನ ಪರೀಕ್ಷಾಕ್ಕ ಕುಂತಿತ್ತು. ಅದಕ್ಕ ಪುಸ್ತಕಾನ ಕೊಟ್ಟಿದ್ದಿಲ್ಲ.” ಡಬ್ಬಿಯನ್ನು ಅವಳ ಕೈಗಿತ್ತು ಎಲ್ಲ ಹೇಳಿದೆ. ಸುಳ್ಳು ಉಂಡೆ ಕಟ್ಟಲು ಕಲಿಸಿದವಳು ನಾನೇ ಎಂಬುದನ್ನೂ, ಫ್ರಿಜ್ಜಿನಲ್ಲಿ ತುಪ್ಪ ನನ್ನನ್ನು ಹಿಡಿದುಕೊಟ್ಟ ಕಥೆಯನ್ನೂ ಹೇಳಿದೆ. ಸೊಸೆ ಹಾಲು ಒಲೆಯ ಮೇಲಿಟ್ಟು, ಉಕ್ಕಿ ಹರಿಯುವ ತನಕ ಅದನ್ನೇ ನೋಡುತ್ತ ನಿಂತಳು.

ಅಂದೇ ಡಾಕ್ಟರಿಗೆ ಸುದ್ದಿ ಹೋಯಿತು. ಅವರು ನನ್ನನ್ನು ಕರೆದು ಮೊದಲು ಬೈದರು. “ಕಳ್ಳರಿಗೆ ಕೀಲಿ ಮಾಡೂದ ಕಲಿಸೀರಿ ಅಜ್ಜಿ.” ಆಮೇಲೆ ಕಪಾಟಿನ ಕೀಲಿಯನ್ನು ಮೇಜಿನ ಮೇಲಿಟ್ಟು ನನ್ನತ್ತ ಸರಿಸಿದರು. “ನಿಮ್ಮನ್ನ ಕೇಳೂಕಿಂತ ಮೊದಲ ಆ ಮನೀ ಡಬ್ಬಿ ತರಿಸಿ ನೋಡಬೇಕಾಗಿತ್ತು ನಾ,” ಎಂದರು. ಅಷ್ಟು ಸಾಕಾಯಿತು. ಈಗ ತೂಕದ ಅಂಕಿಯನ್ನು ನಾನು ಓದಿದ ಮೇಲೆ ನರ್ಸೂ ಓದುತ್ತಾಳೆ. ಮನೆಗೆ ಹೋಗುವ ಉಂಡೆಗಳನ್ನು ಒಂದೊಂದಾಗಿ ಪಾಕೀಟಿನಲ್ಲಿ ಅಂಟಿಸಿ ಕೊಡುತ್ತೇವೆ.

ಚಿಮಣಿ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿದಳು. ಸೊಸೆ ಮೊಮ್ಮಗಳನ್ನು ಕಸಿದುಕೊಳ್ಳುತ್ತಾಳೆ ಎಂದು ಗೆಳತಿ ಹೆದರಿದ್ದಳು, ಸೊಸೆ ಮಾಡಿದ್ದು ಬೇರೆ. ಪ್ರತಿ ಹೊಸ ಮೆಟ್ಟಿಲಿನ ದಿನ, ಡಾಕ್ಟರ ಎದುರಿಗೆ, ಅತ್ತೆಯೇ ತಿನ್ನಿಸಬೇಕು ಎಂದಳು. ಅದು ಶಿಕ್ಷೆಯೋ ಕ್ಷಮೆಯೋ ನನಗೆ ಇಂದಿಗೂ ತಿಳಿದಿಲ್ಲ. ಗೆಳತಿ ಉಂಡೆ ಮುರಿದು ಚಿಮಣಿಯ ಬಾಯಿಗಿಡುತ್ತಿದ್ದಳು. ನಾನು ನೋಡುತ್ತಿದ್ದೆ, ಮಾತಾಡುತ್ತಿರಲಿಲ್ಲ. ಅವಳೂ ಅಷ್ಟೆ. ಒಂದೇ ಬೆಂಚಿನ ಎರಡು ತುದಿಗೆ ಇಬ್ಬರು ಮುದುಕಿಯರು ಬಿಗಿದುಕೊಂಡು ಕೂರುತ್ತಿದ್ದೆವು.

ಮಾವಿನ ಕಾಲಕ್ಕೆ, ಹಿಂದೆ ಚಿಮಣಿ ಉರುಳಿಬಿದ್ದ ಅದೇ ಮೆಟ್ಟಿಲು ಬಂತು. ಉಂಡೆ ತಿಂದು ನನಗೆ ನಾಲಿಗೆ ತೋರಿಸಿದಳು. ಕಿವಿ ನೋಡಿದೆವು, ಕುತ್ತಿಗೆ ನೋಡಿದೆವು. ನೋಡುವ ಹೊತ್ತೆಲ್ಲ ಮುಗಿಯಿತು, ಒಂದು ಗಂಧೆಯೂ ಏಳಲಿಲ್ಲ. “ಪಾಸ!” ಎಂದು ಚಿಮಣಿ ತನ್ನ ಹೊಟ್ಟೆಯನ್ನೇ ತಟ್ಟಿಕೊಂಡಳು.

ಗೆಳತಿ ಬೆಂಚಿನ ಆ ತುದಿಯಿಂದ ಈ ತುದಿಗೆ ಸರಿದು ಬಂದಳು. ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಒಳಗೆ ಉಂಡೆಗಳು. ಇಷ್ಟು ತಿಂಗಳಾದ ಮೇಲೆ ಅವಳಿಗೆ ನಾನು ಆಡಿದ ಮೊದಲ ಮಾತು, “ಏನೇನ ಹಾಕೀದಿ ಇದರಾಗ?”

ಅವಳು ನನ್ನ ಕಡೆ ತಿರುಗಲೂ ಇಲ್ಲ. “ವಿಶ್ವಾಸ ಇದ್ರ ತಿನ್ನು. ಇಲ್ಲಂದ್ರ ಒಯ್ದು ಫ್ರಿಜ್ಜಿನ್ಯಾಗ ಇಟ್ಟ ನೋಡಕೋ.”